ಒಂದೇ ಒಲೆ, ಹಲವು ಪಥ್ಯ

ಮನೆಯಲ್ಲಿ ನಾಲ್ವರಿದ್ದು ನಾಲ್ವರಿಗೂ ನಾಲ್ಕು ಬಗೆಯ ಪಥ್ಯವಿದ್ದರೆ ಅಡುಗೆ ಸಾಗುವುದಾದರೂ ಹೇಗೆ, ಪಥ್ಯದವರಿಗೆ ಹೊರಗಿನಿಂದ ಡಬ್ಬಿ ತರಿಸಿ ಉಳಿದವರು ತಮಗೆ ಬೇಕಾದುದನ್ನು ಬೇಯಿಸಿಕೊಳ್ಳುವುದೇ ಲೇಸಲ್ಲವೆ, ಎಂಬ ಮಾತು ಈಚೆಗೆ ವಿದ್ಯಾವಂತರ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಧುಮೇಹಿಗೊಂದು, ರಕ್ತದೊತ್ತಡದವರಿಗೊಂದು, ತೂಕ ಇಳಿಸಬಯಸುವವರಿಗೊಂದು ಎಂದು ತಿಂಗಳ ಲೆಕ್ಕದಲ್ಲಿ ಊಟ ಕಳುಹಿಸುವ ವ್ಯಾಪಾರ ಬೆಂಗಳೂರಿನಂಥ ನಗರಗಳಲ್ಲಿ ಬೆಳೆದಿರುವುದರಿಂದ ಈ ಮಾತಿಗೆ ಒಂದು ಬಗೆಯ ಲೋಕಸಮ್ಮತಿಯೂ ದೊರೆತಂತಾಗಿದೆ. ನನಗೆ ಇದು ಒಪ್ಪತಕ್ಕ ಮಾತಾಗಿ ತೋರುವುದಿಲ್ಲ. ದೇಹದೇಹಕ್ಕೂ ಅಗತ್ಯ ಬೇರೆಯೆಂಬುದು ದಿಟ; ಆದರೆ ಆದಕಾರಣ ಅಡುಗೆಯೂ ಮೊದಲಿನಿಂದಲೇ ಬೇರೆಯಾಗಬೇಕೆಂಬ ನಿರ್ಣಯ ಅದರಿಂದ ಸಿದ್ಧವಾಗುವುದಿಲ್ಲ. ಬೇಯುವ ತನಕ ಎಲ್ಲರಿಗೂ ಒಂದೇ ಆಗಿರುವ ಅಡುಗೆ, ಉಪ್ಪು, ಖಾರ, ಜಿಡ್ಡು, ಪ್ರಮಾಣ ಈ ನಾಲ್ಕರ ಹಂತದಲ್ಲಿ ಮಾತ್ರ ಕವಲೊಡೆದರೆ ಬಹುಪಾಲು ಮನೆಗಳ ಬಹುಪಾಲು ಪಥ್ಯಗಳು ನೀಗುತ್ತವೆ ಎಂಬುದು ನನ್ನ ಪ್ರತಿಪಾದನೆ.

ಪಥ್ಯವೆಂಬುದು ಈಗ ಮೂಲೆಯ ಹಾಸಿಗೆಯಲ್ಲಿ ಮಲಗಿರುವ ಒಬ್ಬ ರೋಗಿಯ ಪಾಡಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ ಮಧುಮೇಹವುಳ್ಳವರು ಸುಮಾರು 10 ಕೋಟಿ. ಏರಿದ ರಕ್ತದೊತ್ತಡವುಳ್ಳವರು 31 ಕೋಟಿಗೂ ಮೇಲೆ. ಅಜ್ಜನಿಗೆ ಉಪ್ಪು ಕಡಮೆ, ತಾಯಿಗೆ ಅನ್ನಕ್ಕೆ ಮಿತಿ, ಬಸುರಿ ಸೊಸೆಗೆ ಕಬ್ಬಿಣದಂಶ, ಬೆಳೆಯುವ ಮಗುವಿಗೆ ಬೇಳೆ ಮತ್ತು ತುಪ್ಪ ಎಂಬಂತೆ ಅಗತ್ಯಗಳು ಹಂಚಿಹೋಗಿರುವುದು ಇಂದು ಸಾಧಾರಣ ಸಂಸಾರದ ಸಾಧಾರಣ ಸ್ಥಿತಿ. ಹೀಗಿರುವಾಗ ‘ಎಲ್ಲರ ಊಟ’ ಎಂಬುದೊಂದನ್ನು ಮೊದಲು ಕಲ್ಪಿಸಿಕೊಂಡು, ಅದಕ್ಕೆ ಹೊಂದದವರನ್ನೆಲ್ಲ ಡಬ್ಬಿಗೆ ಒಪ್ಪಿಸುತ್ತ ಹೋದರೆ ಕಡೆಗೆ ಪಂಕ್ತಿಯಲ್ಲಿ ಕೂರುವವರು ಯಾರೂ ಉಳಿಯರು.

ಮಂಡ್ಯ, ಹಾಸನ, ತುಮಕೂರು ಸೀಮೆಯ ಬಸ್ಸಾರನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿವರಿಸಬೇಕೆನಿಸುತ್ತದೆ, ಏಕೆಂದರೆ ನಾನು ಹೇಳುತ್ತಿರುವ ಉಪಾಯವನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಡುಗೆಯನ್ನು ನಾನು ಕಾಣೆ. ಅಲಸಂದೆಯನ್ನೋ ಹುರುಳಿಯನ್ನೋ ತೊಗರಿಬೇಳೆಯನ್ನೋ ದಂಟಿನ ಸೊಪ್ಪಿನೊಡನೆ ಧಾರಾಳವಾದ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ನೀರನ್ನು ಬಸಿದು ಬೇರೆ ಮಾಡುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಹುಣಿಸೆ, ಸಾರಿನಪುಡಿಗಳ ಜೊತೆಗೆ ಬೆಂದ ಸೊಪ್ಪುಕಾಳನ್ನೂ ಒಂದು ಹಿಡಿ ಹಾಕಿ ರುಬ್ಬಿ, ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸುವಾಗಲೇ ಉಪ್ಪು ಹಾಕುವ ರೂಢಿಯನ್ನು ಬಿಟ್ಟರೆ, ಬಸಿದ ಆ ಗಳಿಗೆಯಲ್ಲಿ ಪಾತ್ರೆಯೊಳಗೆ ಇರುವುದು ಉಪ್ಪಾಗಲಿ ಖಾರವಾಗಲಿ ಎಣ್ಣೆಯಾಗಲಿ ಇನ್ನೂ ಸೋಕದ, ಆದರೆ ಪೂರ್ತಿ ಬೆಂದ ಪದಾರ್ಥ. ರಕ್ತದೊತ್ತಡದವರ ಪಾಲನ್ನು ಆಗಲೇ ಒಂದು ಬಟ್ಟಲಿಗೆ ತೆಗೆದು, ಬೆಳ್ಳುಳ್ಳಿಯ ಒಗ್ಗರಣೆ, ಕಾಳುಮೆಣಸು, ನಿಂಬೆಹುಳಿಗಳಿಂದ ರುಚಿಗಟ್ಟಬಹುದು. ಮಧುಮೇಹದವರಿಗೆ ಪಲ್ಯ ಎರಡರಷ್ಟು, ಮುದ್ದೆ ಅರ್ಧ. ಮಗುವಿಗೆ ಅದೇ ಪಲ್ಯಕ್ಕೆ ತುಪ್ಪ, ಇನ್ನಷ್ಟು ಕಾಯಿ. ಬಸುರಿಯ ಸೊಪ್ಪಿಗೆ ನಿಂಬೆ ಹಿಂಡಿ, ಊಟದ ಬೆನ್ನಿಗೇ ಕಾಫಿ ಕುಡಿಯದಂತೆ ನೋಡಿಕೊಂಡರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಹೆಚ್ಚುತ್ತದೆ.

ಇದಕ್ಕಿಂತ ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದುಂಟು. ಮೂತ್ರಪಿಂಡ ಸೊರಗಿದವರಲ್ಲಿ ಕೆಲವರಿಗೆ ಪೊಟ್ಯಾಸಿಯಂ ಕಡಮೆ ಮಾಡಬೇಕೆಂದು ವೈದ್ಯರು ವಿಧಿಸುತ್ತಾರೆ; ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ತಿನ್ನಿರೆಂದು ಹೇಳುತ್ತಾರೆ, ಏಕೆಂದರೆ ಪೊಟ್ಯಾಸಿಯಮ್ಮಿನ ಒಂದು ಪಾಲು ನೀರಿಗೆ ಇಳಿದುಹೋಗುತ್ತದೆ. ಬಸ್ಸಾರಿನ ಮನೆಯಲ್ಲಿ ಈ ಕಾರ್ಯ ದಿನವೂ ತಾನಾಗಿ ನಡೆಯುತ್ತದೆ, ಮತ್ತು ಅಲ್ಲಿ ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ರೋಗಿಗೆ ಬೇಡವಾದ ಅಂಶ ಕಟ್ಟಿನೊಡನೆ ಆರೋಗ್ಯವಂತರ ಸಾರಾಗುತ್ತದೆ. ಬಸಿದ ಸೊಪ್ಪು ರೋಗಿಯ ತಟ್ಟೆಗೆ ಹೋಗುತ್ತದೆ. ಕಾಳು ಎಷ್ಟು, ಸೊಪ್ಪು ಯಾವುದು, ರಾಗಿಯೋ ಅಕ್ಕಿಯೋ ಎಂಬುದನ್ನು ಅವರವರ ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು. ಆದರೆ ಆ ಆಜ್ಞೆಯನ್ನು ಪಾಲಿಸುವುದಕ್ಕೆ ಬೇರೆ ಒಲೆ ಬೇಕಾಗಿಲ್ಲ.

ಬಸ್ಸಾರು ಒಂಟಿ ಉದಾಹರಣೆಯೇನೂ ಅಲ್ಲ. ಉಪ್ಪುಸಾರಿನ ಊಟದಲ್ಲಿ ಖಾರವನ್ನು ಬೇರೆಯಾಗಿ ಅರೆದು ತಟ್ಟೆಯ ಅಂಚಿಗೆ ಇಡುತ್ತಾರೆ. ಎಷ್ಟು ಬೆರೆಸಿಕೊಳ್ಳಬೇಕೆಂಬುದು ಉಣ್ಣುವವರಿಗೆ ಬಿಟ್ಟದ್ದು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು ಬರುತ್ತವೆ. ಬಾಳೆಯೆಲೆಯ ತುದಿಗೆ ಉಪ್ಪು ಬಡಿಸುವ ಸಂಪ್ರದಾಯದಲ್ಲಿಯೂ ರುಚಿಯ ಕಡೆಯ ಅಧಿಕಾರ ಉಣ್ಣುವವನದೆಂಬ ಒಪ್ಪಿಗೆಯಿದೆ. ಹಾಕದ ಉಪ್ಪನ್ನು ಎಲೆಯ ಮೇಲೆ ಹಾಕಿಕೊಳ್ಳಬಹುದು, ಹಾಕಿದ್ದನ್ನು ತೆಗೆಯಲಾಗದು; ಹಲವರ ಪಥ್ಯವನ್ನು ಒಂದೇ ಪಾತ್ರೆಯಲ್ಲಿ ನಡೆಸುವ ಶಾಸ್ತ್ರವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪನ್ನು ಹೇಳುತ್ತದೆ, ಎಂದರೆ ಒಂದು ಟೀಚಮಚಕ್ಕೂ ಒಳಗೆ. ಸಾರಿನಲ್ಲಿ ಕೈ ಹಿಡಿದು, ಉಪ್ಪಿನಕಾಯಿಯಲ್ಲಿ ಕೈ ಬಿಟ್ಟರೆ ಆ ಮಿತಿ ಉಳಿಯದು. ಹಪ್ಪಳದ ಹಿಟ್ಟಿಗೆ ಬೆರೆಸುವ ಕ್ಷಾರದಲ್ಲಿಯೂ ಸೋಡಿಯಂ ಇರುತ್ತದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಅಂಗಡಿಯಲ್ಲಿ ಸಿಗುವ ಸೋಡಿಯಂ ಕಡಮೆಯ ಉಪ್ಪನ್ನು ತಂದು ಇಡೀ ಮನೆಗೆ ಬಳಸುವವರು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುವುದನ್ನು ಅರಿತಿರಬೇಕು: ರಕ್ತದೊತ್ತಡದ ಅಜ್ಜನಿಗೆ ಹಿತವಾದುದು ಮೂತ್ರಪಿಂಡದ ರೋಗಿಯಾದ ಅಜ್ಜಿಗೆ ಅಪಾಯಕರವಾಗಬಹುದು.

ಒಂದು ಧಾನ್ಯ, ಒಂದು ಬೀಜ, ಒಂದು ಕಷಾಯ ಸಕಲ ರೋಗಗಳನ್ನೂ ನೀಗುವುದೆಂದು ಸಾರುವವರ ಮಾತಿಗೆ ಉತ್ತರದ ಅಗತ್ಯವಿಲ್ಲ. ಆದರೆ ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಂದಿನಿಂದ, ರಾಗಿಯೆಂದರೆ ಮಧುಮೇಹಿ ಹೊಟ್ಟೆ ತುಂಬ ಉಣ್ಣಬಹುದೆಂದು ನಂಬಿದ ಸಜ್ಜನರು ಬಹಳ ಮಂದಿ. ರಾಗಿಯ ಹಿರಿಮೆ ನಿಜವಾದುದೇ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ, ಅಕ್ಕಿ ಅದರ ಹತ್ತಿರಕ್ಕೂ ಬಾರದು. ಹಾಗಿದ್ದೂ ಅಷ್ಟೇ ರಾಗಿಯಲ್ಲಿ ಪಿಷ್ಟಾದಿ ಶರ್ಕರಗಳು 70 ಗ್ರಾಂ ಆಸುಪಾಸಿನಲ್ಲಿವೆ. ನುಣ್ಣನೆಯ ಹಿಟ್ಟಿನ ಗಂಜಿಯಾಗಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ಮುದ್ದೆಯ ಗಾತ್ರವೂ ಜೊತೆಗಿರುವ ಸೊಪ್ಪುಕಾಳಿನ ಗಾತ್ರವೂ ಇಲ್ಲಿ ಧಾನ್ಯದ ಹೆಸರಿಗಿಂತ ಮುಖ್ಯ.

ನನ್ನ ವಾದ ನಿಲ್ಲದ ಒಂದೆಡೆಯನ್ನು ಒಪ್ಪಿಕೊಳ್ಳಲೇಬೇಕು. ಗೋಧಿಯ ಗ್ಲೂಟನ್ ಒಗ್ಗದ ಸೀಲಿಯಾಕ್ ರೋಗಿಗೂ, ಶೇಂಗಾದಂಥ ಪದಾರ್ಥ ತೀವ್ರವಾಗಿ ಒಗ್ಗದವರಿಗೂ ‘ಕಡೆಯಲ್ಲಿ ಬೇರ್ಪಡಿಸುವ’ ಉಪಾಯ ಸಾಲದು. ಅಲ್ಲಿ ಸೌಟು, ಲಟ್ಟಣಿಗೆ, ಹಿಟ್ಟಿನ ಡಬ್ಬ ಎಲ್ಲವೂ ಬೇರೆಯಿರಬೇಕು. ಚಪಾತಿಯನ್ನು ದೂರವಿಟ್ಟು ನಿಶ್ಚಿಂತರಾಗುವ ಮನೆಯವರು ಒಗ್ಗರಣೆಯ ಇಂಗನ್ನು ಮರೆಯುತ್ತಾರೆ. ಅಂಗಡಿಯ ಇಂಗಿನ ಪುಡಿಯಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಆದರೆ ಇಂಥ ಮನೆಯಲ್ಲಿಯೂ ಅಕ್ಕಿ, ಜೋಳ, ರಾಗಿಗಳ ಊಟವನ್ನೇ ಎಲ್ಲರೂ ಉಂಡರೆ ಬೇರ್ಪಡಿಸುವ ಹೊರೆಯ ಬಹುಭಾಗ ಇಳಿಯುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪ ಶ್ರಮದ್ದು. ಡಬ್ಬಿ ತರಿಸುವ ಹೆಣ್ಣುಮಗಳು ಸೋಮಾರಿಯಲ್ಲ; ಆಕೆ ದಣಿದವಳು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷಗಳನ್ನು ಅದರಲ್ಲಿ ಕಳೆಯುತ್ತಾರೆ; ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈಹಾಕುವವರೇ ನಾಲ್ವರಲ್ಲಿ ಒಬ್ಬರು, ಅವರೂ ಕಳೆಯುವುದು 97 ನಿಮಿಷ. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮನೆಯೂಟದ ಮಹಿಮೆಯನ್ನು ಹಾಡುತ್ತ, ಒಲೆಯ ಬಳಿಗೆ ಮಾತ್ರ ಬಾರದ ಗಂಡಸಿನ ಮಾತಿಗೆ ನಾನು ಕಾಸಿನ ಬೆಲೆಯನ್ನೂ ಕೊಡಲಾರೆ. ತನಗೆ ಮಧುಮೇಹವೆಂದು ತಿಳಿದ ದಿನವೇ ಸೊಪ್ಪು ಸೋಸುವುದನ್ನೂ ಕಾಳು ನೆನೆಹಾಕುವುದನ್ನೂ ಕಲಿಯದೆ, ಹೆಂಡತಿಯ ಕೈಗೆ ಇನ್ನೊಂದು ಪಟ್ಟಿಯನ್ನು ಕೊಟ್ಟು ಕೂರುವುದು ಅನ್ಯಾಯ. ಆದರೆ ಈ ಆಕ್ಷೇಪ ಖಂಡಿಸುವುದು ನಾಲ್ಕು ಅಡುಗೆಗಳನ್ನು. ಒಂದು ಅಡುಗೆಯ ನಾಲ್ಕು ಕವಲುಗಳನ್ನಲ್ಲ. ಒಂದೇ ಕುದಿ, ಒಂದೇ ಬಸಿತ, ಆಮೇಲೆ ಎರಡು ಬಟ್ಟಲು ಹೆಚ್ಚು: ಇದರಲ್ಲಿ ಬೆಳೆಯುವ ಶ್ರಮ ಅಲ್ಪ, ಅದೂ ಹತ್ತು ವರ್ಷದ ಮಗ ಹಂಚಿಕೊಳ್ಳಬಹುದಾದಂಥದು.

ನಮ್ಮ ವೈದ್ಯರೂ ಆಹಾರತಜ್ಞರೂ ಇಲ್ಲಿ ಮಾಡಬಹುದಾದ ಸಹಾಯ ದೊಡ್ಡದು. ಈಗ ನಡೆಯುವುದೇನೆಂದರೆ, ಒಂದೇ ಮನೆಯ ಮೂವರು ಮೂರು ಆಸ್ಪತ್ರೆಗಳಿಂದ ಮೂರು ಹಾಳೆಗಳನ್ನು ತರುತ್ತಾರೆ. ಒಂದರಲ್ಲಿ ಓಟ್ಸ್, ಇನ್ನೊಂದರಲ್ಲಿ ಎಳನೀರು, ಮತ್ತೊಂದರಲ್ಲಿ ಎಳನೀರು ನಿಷಿದ್ಧ. ಈ ಮೂರನ್ನೂ ಹೊಂದಿಸುವ ಹೊಣೆ ಯಾವ ಹಾಳೆಯಲ್ಲಿಯೂ ಹೆಸರಿಲ್ಲದ ಒಬ್ಬಳ ಮೇಲೆ ಬೀಳುತ್ತದೆ. ಸಲಹೆ ಕೊಡುವವರು ರೋಗಿಯ ಜೊತೆಗೆ ಅಡುಗೆ ಮಾಡುವವರನ್ನೂ ಕರೆದು ಕೂರಿಸಿ, ನಿಮ್ಮ ಮನೆಯಲ್ಲಿ ದಿನವೂ ಬೇಯುವುದೇನು, ಇನ್ನಾರಿಗೆ ಯಾವ ಕಟ್ಟುಪಾಡಿದೆ ಎಂದು ಮೊದಲು ವಿಚಾರಿಸಬೇಕು. ‘ಸೋಡಿಯಂ ಮಿತವಾಗಿರಲಿ’ ಎಂದು ಬರೆಯುವೆಡೆಯಲ್ಲಿ ‘ಉಪ್ಪು ಹಾಕುವ ಮುನ್ನ ಎರಡು ಸೌಟು ತೆಗೆದಿಡಿ’ ಎಂದು ಬರೆಯಬೇಕು. ‘ಪಿಷ್ಟ ಕಡಮೆ’ ಎನ್ನುವೆಡೆಯಲ್ಲಿ ಮುದ್ದೆ ಎಷ್ಟು ದೊಡ್ಡದಿರಬೇಕೆಂದು ಕೈಯಲ್ಲಿ ಕಟ್ಟಿ ತೋರಿಸಬೇಕು.