ಬಾನುಲಿಗೆ ಕಥೆ ಹೇಳಲು ಅಪ್ಪಣೆ, ಊರ ಸುದ್ದಿ ಹೇಳಲು ಏಕಿಲ್ಲ?

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟದೊಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಆ ಹೆಸರನ್ನೇ ಮುಂದೆ ರಾಷ್ಟ್ರದ ಬಾನುಲಿ ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು 'ಆಲ್ ಇಂಡಿಯಾ ರೇಡಿಯೋ' ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು 'ಆಕಾಶವಾಣಿ' ಎಂಬುದನ್ನಷ್ಟೇ ಉಳಿಸಿಕೊಂಡಿತು. ಒಬ್ಬ ನಾಗರಿಕನ ಮನೆಯಲ್ಲಿ ಹುಟ್ಟಿದ ಹೆಸರು ದೇಶದ ಹೆಸರಾಯಿತೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಇಂದು ಅಂಥದೇ ನಾಗರಿಕರ ಗುಂಪೊಂದು ತನ್ನ ಊರಿನಲ್ಲಿ ಸಮುದಾಯ ಬಾನುಲಿ ನಡೆಸಿದರೆ, ತನ್ನದೇ ಪಂಚಾಯಿತಿಯ ಸುದ್ದಿಯನ್ನು ತನ್ನದೇ ಮಾತಿನಲ್ಲಿ ಹೇಳಲು ಅದಕ್ಕೆ ಅಧಿಕಾರವಿಲ್ಲ. ಈ ವೈರುಧ್ಯವನ್ನು ಅರಿಯಬೇಕಾದರೆ ಧ್ವನಿಯು ಕಥೆ ಹೇಳುವ ಬಗೆಗಳನ್ನು ಮೊದಲು ನೋಡಬೇಕು.

ಬಾನುಲಿಯ ಕಥನದಲ್ಲಿ ಸ್ಥೂಲವಾಗಿ ಮೂರು ದಾರಿಗಳಿವೆ. ಮೊದಲನೆಯದು ನಾಟಕ. ರಿಚರ್ಡ್ ಹ್ಯೂಸ್ ಬರೆದ 'ಡೇಂಜರ್' 1924ರ ಜನವರಿಯಲ್ಲಿ ಬಿಬಿಸಿಯಲ್ಲಿ ಪ್ರಸಾರವಾಯಿತು. ಕಿವಿಗೆಂದೇ ರಚಿತವಾದ ಮೊದಲ ನಾಟಕಗಳಲ್ಲಿ ಅದು ಒಂದು. ಅದರ ಘಟನೆಗಳು ನಡೆಯುವುದು ಕಲ್ಲಿದ್ದಲ ಗಣಿಯ ಕತ್ತಲಲ್ಲಿ. ಪಾತ್ರಗಳಿಗೂ ಏನೂ ಕಾಣದು, ಕೇಳುಗನಿಗೂ ಏನೂ ಕಾಣದು. ಮಾಧ್ಯಮದ ಕೊರತೆಯನ್ನೇ ಕಥೆಯ ಬಲವಾಗಿಸಿದ ಜಾಣ್ಮೆ ಅದು. ಧಾರವಾಡ, ಬೆಂಗಳೂರು ಕೇಂದ್ರಗಳ ನಾಟಕಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಬಾಗಿಲು ಕಿರುಗುಟ್ಟಿದರೆ ಮನೆ, ಜೀರುಂಡೆ ಕೂಗಿದರೆ ರಾತ್ರಿ. ಉಳಿದುದನ್ನೆಲ್ಲ ಕಟ್ಟಿಕೊಳ್ಳುವವನು ಕೇಳುಗ.

ಎರಡನೆಯದು ವಾಗ್ವಾದದ ದಾರಿ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದನ್ನು ಸ್ಥಳದಲ್ಲಿಯೇ ಮಾತಾಗಿ ಬೆಳೆಸುತ್ತಾರೆ. ಬಾನುಲಿಯು ಹುಟ್ಟುವ ಮುನ್ನವೇ ಬಾನುಲಿಗೆ ಒಪ್ಪುವ ಕಲೆಯೊಂದು ನಮ್ಮಲ್ಲಿ ಸಿದ್ಧವಾಗಿತ್ತು ಎಂದರೆ ತಪ್ಪಾಗದು. ಇಲ್ಲಿ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕೌರವ ಸೋಲುತ್ತಾನೆ, ವಾಲಿ ಸಾಯುತ್ತಾನೆ. ಆದರೆ ಸೋಲುವವನ ವಾದವನ್ನೂ ಪೂರ್ತಿಯಾಗಿ ಕೇಳಬೇಕೆಂಬ ಶಿಸ್ತನ್ನು ಈ ಕಲೆ ಕಲಿಸುತ್ತದೆ. ಇಂದಿನ ದೂರದರ್ಶಕ ಚರ್ಚೆಗಳಲ್ಲಿ ಕಾಣದಿರುವುದು ಈ ಶಿಸ್ತೇ.

ಮೂರನೆಯ ದಾರಿಯಲ್ಲಿ ಕಥೆ ಹೇಳುವವರು ಕಲಾವಿದರಲ್ಲ, ಬದುಕನ್ನು ಬದುಕಿದವರು. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಇದಕ್ಕೆ ನಿದರ್ಶನ. ಆಗ ಗ್ರಾಮೀಣ ಗುಂಪುಗಳಿಗೆ ಬಾನುಲಿ ಪರವಾನಗಿ ಇರಲಿಲ್ಲ. ಹೀಗಾಗಿ ಅಲ್ಲಿಯವರು ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಕೇಳಿಸಿದರು. 2003ರಿಂದ ಟಿವಿಯ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಧ್ವನಿಯನ್ನು ತಲುಪಿಸಿದರು. ಆಕಾಶದಲ್ಲಿ ದಾರಿ ಸಿಗದಿದ್ದಾಗ ತಂತಿಯಲ್ಲಿ ದಾರಿ ಹುಡುಕಿದ ಈ ಪ್ರಯತ್ನ ದೇಶದ ಗಮನ ಸೆಳೆಯಿತು. ಬಿತ್ತನೆ, ಆರೋಗ್ಯ, ಸ್ವಸಹಾಯ ಗುಂಪಿನ ಸಾಲ ಮುಂತಾದ ವಿಷಯಗಳನ್ನು ನೆರೆಮನೆಯ ಹೆಣ್ಣುಮಗಳ ಬಾಯಿಂದ ಕೇಳುವಾಗ ಹುಟ್ಟುವ ನಂಬಿಕೆ ಬೇರೆಯದೇ.

ಕಾನೂನು ಈ ಮೂರನೆಯ ದಾರಿಯ ಬಾಗಿಲನ್ನು ನಿಧಾನವಾಗಿ ತೆರೆಯಿತು. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಸಮುದಾಯ ಬಾನುಲಿಯ ಅವಕಾಶ 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೂ, 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ದೊರೆಯಿತು. ಆದರೆ ಸುದ್ದಿ ಮತ್ತು ರಾಜಕೀಯ ಸ್ವರೂಪದ ಪ್ರಚಲಿತ ವಿಷಯಗಳಿಗೆ ನಿರ್ಬಂಧ ಮುಂದುವರಿಯಿತು. ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೆ. 2011ರ ಖಾಸಗಿ ಎಫ್‌ಎಂ ನೀತಿಯು ಹವಾಮಾನ, ಸಂಚಾರ, ಪರೀಕ್ಷೆ, ನೀರು ಮತ್ತು ವಿದ್ಯುತ್ತಿನ ಪ್ರಕಟಣೆಗಳನ್ನು 'ಸುದ್ದಿಯಲ್ಲ' ಎಂದು ವರ್ಗೀಕರಿಸಿ ಅನುಮತಿ ನೀಡಿತು. ಅಂದರೆ ನಲ್ಲಿಯಲ್ಲಿ ನಾಳೆ ನೀರು ಬಾರದು ಎನ್ನಬಹುದು. ಏಕೆ ಬಾರದು, ಯಾರು ಹೊಣೆ ಎಂದು ಕೇಳಿದೊಡನೆ ಅದು ಸುದ್ದಿಯಾಗಿಬಿಡುತ್ತದೆ!

ಸರ್ಕಾರದ ಅಂಜಿಕೆಗೆ ಆಧಾರವೇ ಇಲ್ಲವೆನ್ನಲಾಗದು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರ ದಾಳಿಯ ಕಥೆಯನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ಪ್ರಸಾರ ಮಾಡಿದಾಗ ಕೆಲವರು ನಿಜವೆಂದೇ ನಂಬಿದರು. ಅಂದಿನ ಗಾಬರಿಯನ್ನು ಪತ್ರಿಕೆಗಳು ಹಿಗ್ಗಿಸಿ ಬರೆದವೆಂಬುದು ಬೇರೆ ಮಾತು. ಆದರೆ 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ಬಾನುಲಿ ಹತ್ಯಾಕಾಂಡಕ್ಕೆ ಕುಮ್ಮಕ್ಕು ಕೊಟ್ಟದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಧ್ವನಿಯು ಕಿವಿಯ ಬಳಿಯೇ ನಿಂತು ಆಪ್ತರಂತೆ ಮಾತನಾಡುತ್ತದೆ. ಅದರ ಶಕ್ತಿಯೂ ಅಪಾಯವೂ ಅಲ್ಲಿಯೇ ಇವೆ.

ಆದರೆ ಪರವಾನಗಿ ಪಡೆದ ಬಾನುಲಿಯ ಬಾಯಿ ಕಟ್ಟಿದರೆ ಈ ಅಪಾಯ ತಪ್ಪುವುದೇ? 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಎರಡೂ ಕಡೆ ಕಾರಣ ಮಕ್ಕಳ ಕಳ್ಳರ ಕುರಿತ ವದಂತಿ. ಅದು ಹರಡಿದ್ದು ಬಾನುಲಿಯಿಂದಲ್ಲ, ಮೊಬೈಲಿನ ವಾಟ್ಸಾಪ್‌ನಿಂದ. ಅದಕ್ಕೆ ವಿಳಾಸವಿಲ್ಲ, ಪರವಾನಗಿಯಿಲ್ಲ, ಹೊಣೆಗಾರನಿಲ್ಲ. ಸಮುದಾಯ ಬಾನುಲಿಗಾದರೋ ಇವು ಮೂರೂ ಇವೆ. 100 ವಾಟ್ ಪ್ರಸಾರ ಶಕ್ತಿಯ, ಕೆಲವೇ ಕಿಲೋಮೀಟರು ವ್ಯಾಪ್ತಿಯ ಈ ಕೇಂದ್ರದಲ್ಲಿ ಸುಳ್ಳಾಡಿದವನ ಮನೆ ಯಾವುದೆಂದು ಕೇಳುಗರಿಗೆ ಗೊತ್ತು. ಇಂಥ ಕೇಂದ್ರವು ಅಂಥ ದಿನ 'ಈ ಮಾತು ಸುಳ್ಳು, ಠಾಣೆಯಲ್ಲಿ ವಿಚಾರಿಸಿದ್ದೇವೆ' ಎಂದು ಅಳುಕಿಲ್ಲದೆ ಹೇಳುವಂತಿದ್ದರೆ ಜೀವವೊಂದು ಉಳಿಯುವ ಸಾಧ್ಯತೆಯಾದರೂ ಇರುತ್ತದೆ.

ಅಂತರ್ಜಾಲದ ಪಾಡ್‌ಕಾಸ್ಟ್‌ಗೆ ತರಂಗದ ಪರವಾನಗಿಯೇ ಬೇಡ. ನಗರದ ಯುವಕ ಅಲ್ಲಿ ರಾಜಕೀಯ ವಿಶ್ಲೇಷಣೆ ಮಾಡಿದರೆ ಜಗತ್ತೇ ಕೇಳಬಹುದು. ಅದೇ ಮಾತನ್ನು ಹಳ್ಳಿಯ ಬಾನುಲಿ ಹತ್ತು ಕಿಲೋಮೀಟರಿನೊಳಗೆ ಆಡುವಂತಿಲ್ಲ. ಇನ್ನು ಟಿವಿ ಸುದ್ದಿ ವಾಹಿನಿಗಳಂತೂ ಇಪ್ಪತ್ತನಾಲ್ಕು ಗಂಟೆ ಮಾತನಾಡುತ್ತಿವೆ. ನಿಯಮದ ಭಾರ ಬಿದ್ದಿರುವುದು ಹಣವೂ ದೊಡ್ಡ ಧ್ವನಿಯೂ ಇಲ್ಲದವರ ಮೇಲೆ ಎಂಬುದು ಇದರಿಂದ ಸ್ಪಷ್ಟ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷದವರೆಗೆ ಸುದ್ದಿ ಪ್ರಸಾರಕ್ಕೆ ಅವಕಾಶ ನೀಡಬೇಕೆಂದು 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಈ ಚರ್ಚೆ ಜಾಹೀರಾತಿನ ಆದಾಯವಿರುವ ನಗರ ಕೇಂದ್ರಗಳಿಗಷ್ಟೇ ಸೀಮಿತವಾಗಬಾರದು. ಸ್ಥಳೀಯ ಸುದ್ದಿಗೆ ನಿರ್ದಿಷ್ಟ ಅವಧಿ, ಪ್ರಸಾರವಾದ ಧ್ವನಿಮುದ್ರಿಕೆಯನ್ನು ಕಾಪಿಡುವ ಕಡ್ಡಾಯ, ತಪ್ಪಾದಾಗ ಅದೇ ವೇಳೆಯಲ್ಲಿ ತಿದ್ದುಪಡಿ: ಈ ಮೂರು ಷರತ್ತುಗಳೊಡನೆ ಸಮುದಾಯ ಬಾನುಲಿಗೂ ಅವಕಾಶ ನೀಡಬಹುದು. ತಪ್ಪು ಮಾಡಿದವರನ್ನು ದಂಡಿಸಲು ಇರುವ ಕಾನೂನೇ ಸಾಕು. ಮಾತನಾಡುವ ಮುನ್ನವೇ ಎಲ್ಲರನ್ನೂ ದಂಡಿಸುವುದು ನ್ಯಾಯವಲ್ಲ.

ಸೋಲುವವನ ಅರ್ಥವನ್ನೂ ಬೆಳಗಿನವರೆಗೆ ಕುಳಿತು ಕೇಳಿದ ನಾಡು ನಮ್ಮದು. ಬೂದಿಕೋಟೆಯಂಥ ಊರಿನ ಹೆಣ್ಣುಮಗಳು ತನ್ನೂರಿನ ಕೆರೆಯ ಹೂಳಿನ ಲೆಕ್ಕವನ್ನು ಕೇಳಿದರೆ, ಅದನ್ನು ಕೇಳಿಸಿಕೊಳ್ಳುವಷ್ಟು ತಾಳ್ಮೆ ನಮ್ಮ ಪ್ರಜಾಪ್ರಭುತ್ವಕ್ಕೂ ಇರಬೇಕಲ್ಲವೇ?