ನರ್ಸಮ್ಮನ ತರಬೇತಿ ತಾಲ್ಲೂಕಿಗೇ ಬರಲಿ

ಮಾತು ಬಾರದ ಹುಡುಗ. ಎರಡು ದಿನದಿಂದ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಾನೆ, ತಟ್ಟೆ ಮುಂದಿಟ್ಟರೆ ತಳ್ಳುತ್ತಾನೆ. ‘ಅವನು ಯಾವಾಗಲೂ ಹೀಗೇ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆಸ್ಪತ್ರೆಯಲ್ಲೂ ಅದೇ ಮಾತು ಕೇಳಿಸಬಹುದು. ಬಾಯಿ ತೆರೆಸಿ ನೋಡಿದವರಿಗೆ ಮಾತ್ರ ಹುಳುಕು ದವಡೆಹಲ್ಲು, ಬುಡದಲ್ಲಿ ತುಂಬಿದ ಕೀವು ಕಾಣುತ್ತದೆ. ಹೀಗೆ ಬರುವ ಕಾಯಿಲೆಯನ್ನೆಲ್ಲ ಬುದ್ಧಿಮಾಂದ್ಯದ ಲೆಕ್ಕಕ್ಕೇ ಹಾಕಿಬಿಡುವುದು ಎಲ್ಲ ದೇಶಗಳಲ್ಲೂ ನಡೆಯುವ ತಪ್ಪು. ಇದನ್ನು ತಪ್ಪಿಸಲು ದೊಡ್ಡ ಯಂತ್ರ ಬೇಕಿಲ್ಲ, ನೋಡುವುದನ್ನು ಕಲಿತ ನರ್ಸ್ ಬೇಕು.

ಬ್ರಿಟನ್ನಿನಲ್ಲಿ ಬೌದ್ಧಿಕ ವಿಕಲಚೇತನರ ಶುಶ್ರೂಷೆ ನರ್ಸಿಂಗ್‌ನ ನಾಲ್ಕು ಪ್ರತ್ಯೇಕ ಶಾಖೆಗಳಲ್ಲಿ ಒಂದು. ನಮ್ಮಲ್ಲಿ ಅಂಥ ಶಾಖೆ ಇಲ್ಲ. ಮೂರು ವರ್ಷದ ಜಿಎನ್‌ಎಂ ಆಗಲಿ, ನಾಲ್ಕು ವರ್ಷದ ಬಿಎಸ್ಸಿ ಆಗಲಿ, ಈ ವಿಷಯ ಮಾನಸಿಕ ಆರೋಗ್ಯದ ಪಠ್ಯದೊಳಗೆ ಒಂದು ಪಾಠವಾಗಿ ಬಂದು ಹೋಗುತ್ತದೆ. ಮನೋರೋಗ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ನಿಜ. ಆದರೆ ಅದಕ್ಕೆ ಕೆಲಸ ಬಿಟ್ಟು ನಗರದಲ್ಲಿ ನಿಲ್ಲಬೇಕು. ನಮ್ಮ ತಾಲ್ಲೂಕು ಚಿಂತಾಮಣಿಯಿಂದ ಬೆಂಗಳೂರಿಗೆ ಸುಮಾರು 75 ಕಿ.ಮೀ. ಬಸ್ಸಿಗೆ ಅದೇನೂ ದೂರವಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಇರುವ ಸ್ಟಾಫ್ ನರ್ಸ್‌ಗೆ ಅದು ದಾಟಲಾಗದ ದೂರ.

ಹಾಗೆಂದು ತಾಲ್ಲೂಕಿನಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರು, ನರ್ಸ್, ಔಷಧ ವಿತರಕರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆ ಕುಂಠಿತವಾದವರನ್ನು ಗುರುತಿಸುವುದೂ ಆ ಕೆಲಸದಲ್ಲಿ ಸೇರಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರು ಗುರುತಿನ ಚೀಟಿ, ಮಾಸಾಶನದ ಅರ್ಜಿಗೆ ನೆರವಾಗುತ್ತಾರೆ. ಮಗುವನ್ನು ಗುರುತಿಸಿದ್ದಾಯಿತು, ಚೀಟಿಯೂ ಬಂತು. ಆಮೇಲೆ? ಮನೆಗೆ ಬಂದು ಮೈ ಮುಟ್ಟಿ ನೋಡುವವರು, ತಾಯಿಗೆ ಕೈಹಿಡಿದು ಕಲಿಸುವವರು ಯಾರು? ಸರಪಳಿ ಕಡಿಯುವುದು ಇಲ್ಲೇ. 2011ರ ಜನಗಣತಿಯಲ್ಲಿ ರಾಜ್ಯದ 13.24 ಲಕ್ಷ ಅಂಗವಿಕಲರು ಲೆಕ್ಕಕ್ಕೆ ಸಿಕ್ಕಿದ್ದರು. ದೇಶದಲ್ಲಿ ಬುದ್ಧಿಮಾಂದ್ಯರೆಂದು ದಾಖಲಾದವರೇ ಸುಮಾರು 15 ಲಕ್ಷ.

ನೋಡುವುದನ್ನು ಕಲಿತ ನರ್ಸ್ ಮಾಡುವ ಕೆಲಸವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಮೆದುಳಿನ ಪಾರ್ಶ್ವವಾಯು ಇರುವ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ರಾಗಿಸರಿ ತಿನ್ನಿಸುವುದು ನಮ್ಮ ಮನೆಗಳ ರೂಢಿ. ಕತ್ತು ಹಿಂದಕ್ಕೆ ವಾಲಿದಾಗ ಸರಿ ಶ್ವಾಸನಾಳಕ್ಕೆ ಇಳಿಯಬಹುದು. ಮಗುವಿಗೆ ಮತ್ತೆ ಮತ್ತೆ ಕೆಮ್ಮು, ನ್ಯುಮೋನಿಯಾ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಗದ್ದವನ್ನು ತುಸು ಕೆಳಗೆ ಬಾಗಿಸಿ, ಸಣ್ಣ ಚಮಚದಲ್ಲಿ ಸ್ವಲ್ಪ ಗಟ್ಟಿಯಾದ ಸರಿ ಕೊಟ್ಟು, ನುಂಗುವವರೆಗೂ ಕಾಯಬೇಕು. ಹೇಳುವುದು ಸುಲಭ. ಆ ಮಗುವಿಗೆ ಯಾವ ಕೋನ, ಎಷ್ಟು ಗಟ್ಟಿ ಎಂಬುದು ಪಕ್ಕದಲ್ಲಿ ಕೂತು ನೋಡಿದರೆ ಮಾತ್ರ ತಿಳಿಯುತ್ತದೆ. ಬೌದ್ಧಿಕ ವಿಕಲಚೇತನರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮೂರ್ಛೆರೋಗವೂ ಇರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಅವರಲ್ಲಿ ಥೈರಾಯ್ಡ್ ಕೊರತೆಯೂ ಸಾಮಾನ್ಯ. ಫಿಟ್ಸ್ ಮಾತ್ರೆ ತಪ್ಪುತ್ತಿದೆಯೇ, ರಕ್ತಪರೀಕ್ಷೆ ಯಾವಾಗ ಆಗಿತ್ತು ಎಂದು ಕೇಳುವುದೂ ಆ ನರ್ಸ್‌ನದೇ ಕೆಲಸ.

ಇದನ್ನು ಊರಿನಲ್ಲೇ ಕಲಿಸಲು ಸಾಧ್ಯವೇ? ಕರ್ನಾಟಕದ ಅನುಭವವೇ ಹೌದು ಎನ್ನುತ್ತದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಮಾನಸಿಕ ಆರೋಗ್ಯದ ಪಾಠ ಶುರು ಮಾಡಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಇಡೀ ಜಿಲ್ಲೆಯ ಪ್ರಯೋಗವಾಯಿತು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2018ರಲ್ಲಿ ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ನರ್ಸ್‌ಗಳೂ ಸೇರಿದಂತೆ ದೂರದ ಸಿಬ್ಬಂದಿಗೆ ಆನ್‌ಲೈನ್ ಕೋರ್ಸ್ ತಂದಿತು. ಭಾರತೀಯ ಪುನರ್ವಸತಿ ಪರಿಷತ್ತು 2021ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆಗೂಡಿ ತಳಮಟ್ಟದ ಕಾರ್ಯಕರ್ತರಿಗೆ ಆರು ತಿಂಗಳ ಕೋರ್ಸ್ ರೂಪಿಸಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವಂತೂ ಪೂರ್ಣ ನರ್ಸಿಂಗ್ ಪದವಿಯನ್ನೇ ಹೀಗೆ ಕಲಿಸುತ್ತದೆ. ಓದು ಮನೆಯಲ್ಲಿ, ಅಭ್ಯಾಸ ಹತ್ತಿರದ ಆಸ್ಪತ್ರೆಯಲ್ಲಿ. ಆದರೂ ನೋಂದಣಿಯ ಮಾನದಂಡ ಎಲ್ಲರಿಗೂ ಒಂದೇ: ಒಟ್ಟು 4,600 ಗಂಟೆ, ಅದರಲ್ಲಿ ಅರ್ಧ ಅಭ್ಯಾಸ.

ಚಿಂತಾಮಣಿಗೆ ಒಪ್ಪುವ ರೂಪ ಹೀಗಿರಬಹುದು. ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಪಾಠ, ಉಳಿದ ಓದು ಮೊಬೈಲಿನಲ್ಲಿ, ಕನ್ನಡದಲ್ಲೇ. ಅಭ್ಯಾಸ ಅಂಗನವಾಡಿಯಲ್ಲಿ, ಮನೆಗಳಲ್ಲಿ. ತಿಂಗಳಿಗೊಮ್ಮೆ ಅನುಭವಿ ಮಾರ್ಗದರ್ಶಕರು ಬಂದು ಪಕ್ಕದಲ್ಲಿ ನಿಂತು ನೋಡಬೇಕು. ಪರೀಕ್ಷೆ ಬರೆಯುವುದಷ್ಟೇ ಆಗದೆ ಮಾಡಿ ತೋರಿಸುವಂತಿರಬೇಕು. ಇಲ್ಲೇ ಬೆಳೆದವರಿಂದ ಇನ್ನೊಂದು ಲಾಭ: ನಮ್ಮ ಅನೇಕ ಮನೆಗಳ ಮಾತು ತೆಲುಗು, ಕೆಲವು ಕಡೆ ಉರ್ದು. ತಾಯಿ ‘ಏಮೋ ಅಯಿಂದಮ್ಮಾ’ ಎಂದಾಗ ಏನಾಯಿತೆಂದು ಬಿಡಿಸಿ ಕೇಳಲು ಆ ಭಾಷೆ ಬಲ್ಲವರೇ ಬೇಕು.

ಎಚ್ಚರಿಕೆಯೂ ಬೇಕು. ವಿಡಿಯೊ ತೋರಿಸಿ ಪ್ರಮಾಣಪತ್ರ ಕೈಗಿಟ್ಟರೆ ಅದು ತರಬೇತಿಯಲ್ಲ. ಕಲಿಯುವ ದಿನಕ್ಕೆ ಸಂಬಳಸಹಿತ ರಜೆ, ಆ ದಿನದ ಡ್ಯೂಟಿಗೆ ಬದಲಿ ನರ್ಸ್ ಇರಲೇಬೇಕು. ಈಗಾಗಲೇ ಹತ್ತು ಕೆಲಸ ಹೊತ್ತಿರುವ ಆಶಾ ಕಾರ್ಯಕರ್ತೆಯರ ತಲೆಗೆ ಹನ್ನೊಂದನೆಯದನ್ನು ಕಟ್ಟಬಾರದು. ಕಲಿತವರಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಭತ್ಯೆ, ಬಡ್ತಿಯಲ್ಲಿ ಲೆಕ್ಕ ಸಿಗಬೇಕು. ತರಬೇತಿ ಮುಗಿದ ಮರುವರ್ಷವೇ ವರ್ಗಾವಣೆ ಆದರೆ ಇಡೀ ಖರ್ಚು ನೀರುಪಾಲು. ಕೆಲವು ವರ್ಷವಾದರೂ ಅದೇ ತಾಲ್ಲೂಕಿನಲ್ಲಿ ಉಳಿಸಿಕೊಳ್ಳುವ ನಿಯಮ ಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೋಗ್ಯಸೇವೆಯನ್ನು ಹಕ್ಕಾಗಿಸಿದೆ. ಹಕ್ಕು ಮನೆಬಾಗಿಲಿಗೆ ಬರಲು ಜನ ಬೇಕು, ಆ ಜನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಇದ್ದಾರೆ. ಆರೋಗ್ಯ ಇಲಾಖೆ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸೇರಿ ಒಂದೇ ತಾಲ್ಲೂಕಿನಲ್ಲಿ ಒಂದು ತಂಡವನ್ನು ತಯಾರು ಮಾಡಿ ನೋಡಲಿ. ಬಳ್ಳಾರಿಯಲ್ಲಿ ಆದದ್ದು ಚಿಂತಾಮಣಿಯಲ್ಲಿ ಆಗಬಾರದೆಂದೇನೂ ಇಲ್ಲ.