ಹಸಿದವನಿಗೆ ಬಾಗಿಲು ತೋರಿಸುವವರಾರು?

1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯು ತನ್ನ ಪ್ರಜೆಗಳಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಗಂಜಿಯ ಮನೆ ಎಲ್ಲಿದೆಯೆಂದು ಕೇಳುತ್ತ ನಡೆದವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿಯೇ ಬಿದ್ದರು. ಇಂದು ಉಗ್ರಾಣಗಳಲ್ಲಿ ಧಾನ್ಯವುಂಟು, ಅದನ್ನು ಕೇಳಿ ಪಡೆಯಲು ಕಾನೂನೂ ಉಂಟು. ಆದರೆ ಕೂಲಿಗಾಗಿ ಪಟ್ಟಣಕ್ಕೆ ಬಂದು, ನಾಲ್ಕು ದಿನ ಕೆಲಸ ತಪ್ಪಿದವನು ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಇಂದಿಗೂ ಅರಿಯನು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವು ಸಲ್ಲತಕ್ಕದ್ದು. 2023ರ ಜನವರಿಯಿಂದ ಇದಕ್ಕೆ ಬೆಲೆಯೂ ಇಲ್ಲ. ಒಂದು ರಾಷ್ಟ್ರ ಒಂದು ಪಡಿತರ ಚೀಟಿಯ ಏರ್ಪಾಟಿಗೆ ಕರ್ನಾಟಕವು 2020ರ ಜನವರಿಯಲ್ಲಿಯೇ ಸೇರಿತು. ರಾಯಚೂರಿನ ಚೀಟಿಯು ಬೆಂಗಳೂರಿನಲ್ಲಿಯೂ, ಬಿಹಾರದ ಚೀಟಿಯು ಹುಬ್ಬಳ್ಳಿಯಲ್ಲಿಯೂ ನಡೆಯತಕ್ಕದ್ದು. ಕೂಲಿಯವನು ತನ್ನ ಪಾಲನ್ನು ಇಲ್ಲಿ ಪಡೆದರೆ ಊರಿನಲ್ಲಿರುವ ಹೆಂಡತಿ ಮಕ್ಕಳ ಪಾಲಿಗೆ ಲೋಪವಿಲ್ಲ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅಂಗನವಾಡಿಯ ಆಹಾರಕ್ಕೆ ಪಡಿತರ ಚೀಟಿಯೇ ಬೇಕಿಲ್ಲ.

ಇದೆಲ್ಲವನ್ನು ಬಲ್ಲವರಾರು? ಆಜ್ಞೆಗಳನ್ನು ಹೊರಡಿಸಿದ ಅಧಿಕಾರಿಗಳು ಬಲ್ಲರು. ಹಸಿದವರು ಗೆಜೆಟ್ಟನ್ನು ಓದುವ ರೂಢಿಯಿಲ್ಲ. ನ್ಯಾಯಬೆಲೆ ಅಂಗಡಿಯವನು “ನಿಮ್ಮ ಊರಿಗೆ ಹೋಗಿ ತೆಗೆದುಕೋ” ಎಂದುಬಿಟ್ಟರೆ ಕಾಯಿದೆಯೆಲ್ಲವೂ ಅಲ್ಲಿಗೇ ನಿಂತಿತು. ಗಾರೆ ಕೆಲಸದಿಂದ ಸವೆದ ಹೆಬ್ಬೆರಳನ್ನು ಯಂತ್ರವು ಗುರುತಿಸದಿದ್ದರೂ ಅದೇ ಗತಿ. ಇಂತಹವರ ದೂರನ್ನು ಕೇಳಲು ಜಿಲ್ಲೆಗೊಬ್ಬ ಅಧಿಕಾರಿ ಇರಬೇಕೆಂದೂ, ಸಲ್ಲಬೇಕಾದ ಧಾನ್ಯವು ಸಲ್ಲದಿದ್ದರೆ ಹಣದ ಭತ್ಯೆಯನ್ನು ಕೊಡಬೇಕೆಂದೂ ಅದೇ ಕಾಯಿದೆಯು ವಿಧಿಸಿದೆ. ಆ ಅಧಿಕಾರಿಯ ಹೆಸರನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಹೇಳಬಲ್ಲರು?

ಚೀಟಿಯೇ ಇಲ್ಲದವರ ಪಾಡು ಇನ್ನೂ ಕಠಿನವಾದುದು. ಎಷ್ಟು ಮಂದಿಗೆ ಧಾನ್ಯವೆಂಬುದನ್ನು 2011ರ ಜನಗಣತಿಯ ಮೇಲೆ ಗೊತ್ತುಮಾಡಿದುದರಿಂದ, ಆಮೇಲೆ ಹುಟ್ಟಿದವರು ಲೆಕ್ಕಕ್ಕೆ ಹೊರಗಾದರು. ಇದನ್ನು ಸರಿಪಡಿಸುವುದು ದಿಲ್ಲಿಯ ಕೆಲಸ. ದಾರಿ ತೋರಿಸುವುದಾದರೋ ನಮ್ಮೂರಿನ ಕೆಲಸ. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಬಸ್ ನಿಲ್ದಾಣ, ರೈಲು ನಿಲ್ದಾಣ, ಕೂಲಿಗಾರರು ಬೆಳಿಗ್ಗೆ ಸೇರುವ ವೃತ್ತ, ಸರಕಾರಿ ಆಸ್ಪತ್ರೆ—ಇಷ್ಟು ಕಡೆಗಳಲ್ಲಿ ಪುರಸಭೆಯವರು ಒಂದೊಂದು ಹಲಗೆಯನ್ನು ನಿಲ್ಲಿಸಲಿ. ಹತ್ತಿರದ ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಇಂದಿರಾ ಕ್ಯಾಂಟೀನು, ದಾಸೋಹ ನಡೆಯುವ ಮಠ, ಲಂಗರು ನಡೆಯುವ ಗುರುದ್ವಾರ, ಇವುಗಳ ದಾರಿಯನ್ನೂ ವೇಳೆಯನ್ನೂ ಕನ್ನಡದಲ್ಲಿ ಬರೆಯಿಸಿ, ಕೂಲಿಗಾರರು ಓದಬಲ್ಲ ಬೇರೆ ಭಾಷೆಗಳಲ್ಲಿಯೂ ಬರೆಯಿಸಲಿ. ಓದು ಬಾರದವರಿಗಾಗಿ ವಾರ್ಡಿಗೊಬ್ಬರು ಮಹನೀಯರು ವಾರಕ್ಕೊಂದು ಗಂಟೆ ಅಂಗಡಿಯ ಮುಂದೆ ನಿಲ್ಲಲಾರರೆ? ವಿದ್ಯಾವಂತನೊಬ್ಬನು ಜೊತೆಗಿದ್ದರೆ ಅಂಗಡಿಯವನ ಮಾತೂ ಮೃದುವಾಗುವುದು ಲೋಕಾನುಭವ. ಆಹಾರ ಇಲಾಖೆಯವರು ಹೊರ ಊರಿನ ಎಷ್ಟು ಚೀಟಿಗಳಿಗೆ ಧಾನ್ಯ ಕೊಟ್ಟೆವೆಂಬ ಲೆಕ್ಕವನ್ನು ಪ್ರತಿ ತಿಂಗಳೂ ಅಂಗಡಿಯ ಬಾಗಿಲಿಗೆ ಅಂಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಸೊನ್ನೆಯೆಂದು ಬರೆಯಬೇಕಾಗಿ ಬಂದ ಅಂಗಡಿಗಳನ್ನು ತಹಸೀಲ್ದಾರರು ಮೊದಲು ಸಂದರ್ಶಿಸಲಿ.